ತಿಳಿ ಬಿಡಿ

ಕಲ್ಲು ತೇಲುವುದನ್ನು ಹೊನ್ನಮರಡಿಯ ಜನ ಮೊದಲ ಸಲ ನೋಡಿದ್ದು ಒಂದು ಸೋಮವಾರ, ಸಂತೆಯ ದಿನ. ಮೆಣಸಿನಕಾಯಿ ಚೀಲ, ಸೊಪ್ಪಿನ ಕಂತೆ ಹಿಡಿದುಕೊಂಡೇ ಜನ ನಮ್ಮ ಘಟಕದ ಗೇಟಿನೊಳಗೆ ನುಗ್ಗಿದ್ದರು. ನಾನು ಮುಷ್ಟಿಗಾತ್ರದ ಬೆಣಚುಕಲ್ಲೊಂದನ್ನು ಎಲ್ಲರಿಗೂ ತೋರಿಸಿ, ತೊಟ್ಟಿಯಲ್ಲಿದ್ದ ಕಪ್ಪು ದ್ರವಕ್ಕೆ ಹಾಕಿದೆ. ಮುಳುಗಿತು. ಗುಂಡಿ ತಿರುಗಿಸಿದೆ. ದ್ರವ ಒಮ್ಮೆ ನಡುಗಿತು, ಕಲ್ಲು ಮೇಲಕ್ಕೆ ಬಂದು ಬೆಂಡಿನ ಹಾಗೆ ತೇಲತೊಡಗಿತು. ಇನ್ನಷ್ಟು ತಿರುಗಿಸಿದಾಗ ಮೊದಲೇ ಮುಳುಗಿಸಿಟ್ಟಿದ್ದ ಹಿತ್ತಾಳೆಯ ಚೊಂಬು ಕೂಡ ಮೇಲೆ ಬಂತು. ಒಬ್ಬ ಮುದುಕ ಕೈ ಮುಗಿದೇಬಿಟ್ಟ.

ಮುಂದಿನ ಸಾಲಿನಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ ಒಬ್ಬಳು ಮಾತ್ರ ಬೆರಗಾಗಲಿಲ್ಲ. "ಇದು ಅಕ್ಕಿ ಗಾಳ್ಸೋದೇ ಅಲ್ಲೇನವ್ವ? ಇದಕ್ಯಾಕೆ ಇಷ್ಟು ದೊಡ್ಡ ತೊಟ್ಟಿ, ಇಷ್ಟೊಂದು ಕರೆಂಟು?" ಎಂದಳು. ಜನ ಗೊಳ್ಳೆಂದು ನಕ್ಕರು. ನಾನೂ ನಕ್ಕೆ. ಆಕೆ ಮಾರಕ್ಕ, ಊರ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ಅದೇ ವಾರ ನಾನು ಅವಳ ಮನೆಯ ಹೊರಗಿನ ಕೋಣೆಗೆ ಬಾಡಿಗೆಗೆ ಹೋದೆ. ನನ್ನ ಹೆಸರು ಇಂದುಮತಿ. ಊರು ನಂಜನಗೂಡು. ಮಾರಕ್ಕನ ಬಾಯಲ್ಲಿ ಮಾತ್ರ ಕೊನೆಯವರೆಗೂ ಕೆಮಿಸ್ಟವ್ವ.

ಅವಳು ಹೇಳಿದ್ದು ಸರಿಯೇ ಇತ್ತು. ಹೊನ್ನಮರಡಿಯ ಚಿನ್ನದ ಗಣಿ ಮುಚ್ಚಿ ಅರವತ್ತು ವರ್ಷವಾಗಿತ್ತು. ಚಿನ್ನ ಎಲ್ಲಿಗೋ ಹೋಯಿತು, ಅದಕ್ಕಾಗಿ ಪುಡಿ ಮಾಡಿದ ಬಂಡೆ ಮಾತ್ರ ಊರ ಮಗ್ಗುಲಲ್ಲಿ ಬೂದುಬಣ್ಣದ ಗುಡ್ಡವಾಗಿ ಕೂತಿತು. ಆಷಾಢದ ಗಾಳಿ ಎದ್ದರೆ ಆ ಗುಡ್ಡ ಅರ್ಧ ಊರೊಳಗೇ ಇರುತ್ತಿತ್ತು. ಅಲ್ಲಿನವರು ಅನ್ನವನ್ನು ಪೂರ್ತಿ ಅಗಿಯುವುದಿಲ್ಲ, ಮೆಲ್ಲಗೆ ಅದುಮಿ ನುಂಗುತ್ತಾರೆ. ಮರಳು ಹಲ್ಲಿಗೆ ಸಿಕ್ಕಬಾರದು ಎಂದು ಚಿಕ್ಕಂದಿನಲ್ಲೇ ಕಲಿಯುವ ಅಭ್ಯಾಸ ಅದು. ಮಾರಕ್ಕನ ಗಂಡ ನಲವತ್ತಾರನೇ ವಯಸ್ಸಿಗೆ ಪುಪ್ಪುಸದ ತುಂಬ ಅದೇ ದೂಳು ತುಂಬಿಕೊಂಡು ಸತ್ತಿದ್ದ.

ಆ ಗುಡ್ಡವನ್ನೇ ಗಾಳಿಸಿಬಿಟ್ಟರೆ ಹೇಗೆ ಎಂಬುದು ನಮ್ಮ ಕಂಪನಿಯ ಯೋಚನೆ. ಅಕ್ಕಿಯನ್ನು ನೀರಲ್ಲಿ ತಿರುವಿ ತಿರುವಿ ಬೇರೆ ಪಾತ್ರೆಗೆ ಬಗ್ಗಿಸಿದರೆ ಹಗುರದ ಅಕ್ಕಿ ನೀರಿನ ಜೊತೆ ಹೋಗುತ್ತದೆ, ಭಾರದ ಕಲ್ಲು ತಳದಲ್ಲಿ ಉಳಿಯುತ್ತದೆ. ನಮ್ಮಲ್ಲಿ ನೀರಿಗೆ ಬದಲು ಕಬ್ಬಿಣದ ಅತಿ ನುಣುಪಾದ ಪುಡಿ ಬೆರೆತ ದ್ರವ, ತೊಟ್ಟಿಯ ಕೆಳಗೆ ಅಯಸ್ಕಾಂತಗಳು. ಕರೆಂಟು ಏರಿಸಿದಷ್ಟೂ ದ್ರವ ತನಗೇ ತೂಕ ಬಂದಂತೆ ವರ್ತಿಸುತ್ತದೆ. ಮೊದಲು ಬಿಳಿ ಮರಳು ತೇಲುತ್ತದೆ, ಬಾಚಿ ತೆಗೆಯುತ್ತೇವೆ. ಇನ್ನಷ್ಟು ಏರಿಸಿದರೆ ಅದಕ್ಕಿಂತ ಭಾರದ್ದು, ಆಮೇಲೆ ಕಬ್ಬಿಣದ ತುಕ್ಕು, ಅದನ್ನು ಊರವರು ಕಾವಿ ಎನ್ನುತ್ತಿದ್ದರು. ಕೊನೆಗೆ ತಳದಲ್ಲಿ ಚಿಟಿಕೆ ಚಿನ್ನ. ಒಂದೇ ಗುಡ್ಡವಾಗಿದ್ದದ್ದು ಬಣ್ಣಬಣ್ಣದ ರಾಶಿಗಳಾಗುವುದನ್ನು ನೋಡಲು ಮೊದಮೊದಲು ನನಗೂ ಹುಚ್ಚು ಸಂತೋಷವಾಗುತ್ತಿತ್ತು.

ತೊಡಕಿದ್ದದ್ದು ಒಂದೇ ಕಡೆ. ಹಳೆಯ ಗಣಿಯವರು ಅದಿರನ್ನು ಸುಟ್ಟಾಗ ಹುಟ್ಟಿದ ಬಿಳಿ ಪಾಷಾಣವೂ, ಎಂದರೆ ಆರ್ಸೆನಿಕ್ ವಿಷವೂ, ಗುಡ್ಡದಲ್ಲಿತ್ತು. ಪಾಷಾಣದ ತೂಕವೂ ಗಾರ್ನೆಟ್ ಎಂಬ ಕೆಂಪು ಮರಳಿನ ತೂಕವೂ ಹೆಚ್ಚೂ ಕಡಿಮೆ ಒಂದೇ, ಆದ್ದರಿಂದ ಎರಡೂ ಕೂಡಿಯೇ ತೇಲುತ್ತಿದ್ದವು. ತೂಕದಿಂದ ಬೇರೆಯಾಗದ್ದನ್ನು ಕರಗಿಸಿ ಬೇರೆ ಮಾಡಬೇಕು. ಅದಕ್ಕೇ ಮೂರನೇ ತೊಟ್ಟಿ. ಅದರಲ್ಲಿ ಕುದಿಯುವ ನೀರು ಹಾಯಿಸಿದರೆ ಪಾಷಾಣ ಕರಗುತ್ತದೆ, ಕೆಂಪು ಮರಳು ಕರಗುವುದಿಲ್ಲ. ಮರಳು ತಳಕ್ಕಿಳಿದ ಮೇಲೆ ಮೇಲಿನ ತಿಳಿಯನ್ನು ಪಂಪಿನಿಂದ ಎಳೆದು ತಣಿಸಿದರೆ ಪಾಷಾಣ ಹರಳಾಗುತ್ತದೆ. ಹರಳನ್ನು ಉಕ್ಕಿನ ಪೀಪಾಯಿಗೆ ತುಂಬಿ ಬೀಗ ಹಾಕುತ್ತೇವೆ, ತಣಿದ ನೀರನ್ನು ಮತ್ತೆ ಕಾಯಿಸಿ ಅದೇ ತೊಟ್ಟಿಗೆ ತಿರುಗಿಸುತ್ತೇವೆ. ಮೂರನೇ ತೊಟ್ಟಿಯ ತಿಳಿ ನೋಡಲು ಹಿಮಾಲಯದ ನೀರಿನ ಹಾಗಿರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯೂ ಇಲ್ಲ. ತಳದ ಕೆಸರು ನಿರುಪದ್ರವಿ, ಮೇಲಿನ ತಿಳಿಯೇ ವಿಷ. ಇದನ್ನು ಹೊಸದಾಗಿ ಸೇರಿದ ಎಲ್ಲರಿಗೂ ನಾನೇ ಹೇಳಿಕೊಡುತ್ತಿದ್ದೆ.

* * *

ಮಾರಕ್ಕನ ಮನೆಯಲ್ಲಿ ಮೊದಲ ದಿನದ ಊಟ ನನಗೆ ಚೆನ್ನಾಗಿ ನೆನಪಿದೆ. ಹೊಟ್ಟೆ ತುಂಬಿತ್ತು. ಅವಳು ಸಾರಿನ ಸೌಟು ಹಿಡಿದು ಬಂದಳು.

"ತಿಳಿ ಬಿಡ್ಲೇನವ್ವ?"

"ಬಿಡಿ, ಬಿಡಿ," ಎಂದೆ. ಸಾಕು, ಇರಲಿ ಬಿಡಿ ಎಂಬ ಅರ್ಥದಲ್ಲಿ.

ಅವಳು ತಟ್ಟೆಗೆ ಸುರಿದೇ ಸುರಿದಳು. ನಾನು ಅಡ್ಡ ಕೈ ಹಿಡಿದು ಮತ್ತೆ "ಅಯ್ಯೋ ಬಿಡಿ ಅಕ್ಕ" ಎಂದೆ. ಇನ್ನೊಂದು ಸೌಟು ಬಿತ್ತು, ಅರ್ಧ ಕೈಮೇಲೆ.

ಪಕ್ಕದಲ್ಲಿ ಉಣ್ಣುತ್ತಿದ್ದ ಅವಳ ತಮ್ಮ ದ್ಯಾಮಣ್ಣ ನಕ್ಕು ನಕ್ಕು ಕೆಮ್ಮಿದ. "ಮೇಡಂ, ನಮ್ಮಕ್ಕನ ಹತ್ರ ಬಿಡಿ ಅಂದ್ರೆ ತಟ್ಟೆ ತುಂಬ್ತೈತೆ. ಬ್ಯಾಡ ಅಂದ್ರೆ ಬ್ಯಾಡ ಅನ್ಬೇಕು."

ದ್ಯಾಮಣ್ಣ ನಮ್ಮ ಘಟಕದಲ್ಲೇ ಎರಡನೇ ಪಾಳಿಯ ಆಪರೇಟರು. ಓದಿದ್ದು ಹತ್ತನೇ ತರಗತಿ, ಕೆಲಸದಲ್ಲಿ ಇಂಜಿನಿಯರುಗಳಿಗೂ ಮಿಗಿಲು. ಅಕ್ಕ ತಮ್ಮ ಒಂದೇ ಅಂಗಳದ ಎರಡು ಮನೆಗಳಲ್ಲಿದ್ದರು. ಆ ಊಟದ ಕಥೆಯನ್ನು ಅವನು ಪಾಳಿಯವರಿಗೆಲ್ಲ ಹೇಳಿ, ನಾನು ಕ್ಯಾಂಟೀನಿಗೆ ಹೋದಾಗಲೆಲ್ಲ ಯಾರಾದರೂ "ಮೇಡಂ, ಬಿಡ್ಲಾ?" ಎಂದು ಕಾಡಿಸುವಂತಾಯಿತು.

ನಾಲ್ಕು ವರ್ಷದಲ್ಲಿ ಗುಡ್ಡ ಮುಕ್ಕಾಲು ಭಾಗ ಕರಗಿತು. ಒಂದನೇ, ಎರಡನೇ ತೊಟ್ಟಿಗಳ ತೊಳೆದ ನೀರು ಶುದ್ಧವಾಗಿರುತ್ತಿದ್ದರಿಂದ ಅದನ್ನು ಕಾಲುವೆಯಲ್ಲಿ ಊರ ಕೆರೆಗೇ ಹರಿಸುತ್ತಿದ್ದೆವು. ದೂಳು ಬೀಳುವುದು ನಿಂತ ಕೆರೆ ಮೊದಲು ಬೂದು ಬಣ್ಣ ಬಿಟ್ಟಿತು, ಆಮೇಲೆ ನಿಧಾನವಾಗಿ ತಿಳಿಯಾಯಿತು. ಒಂದು ಬೆಳಿಗ್ಗೆ ಮಾರಕ್ಕ ಕೊಡದೊಳಗೆ ಮುಖವಿಟ್ಟು ನನ್ನನ್ನು ಕೂಗಿದಳು.

"ಬಾರವ್ವ ಇಲ್ಲಿ. ಕೊಡದ ತಳ ಕಾಣ್ತೈತೆ ನೋಡು! ಮದುವೆಯಾಗಿ ಬಂದಾಗಿಂದ ಒಂದಿನಾನೂ ಕಂಡಿರಲಿಲ್ಲ ಈ ತಳ."

ಅವಳ ಕಣ್ಣು ತುಂಬಿತ್ತು. ಆ ದಿನ ನನಗೆ ನನ್ನ ವಿದ್ಯೆಯ ಬಗ್ಗೆ ಎಷ್ಟು ಹೆಮ್ಮೆಯಾಯಿತೆಂದರೆ, ಅಷ್ಟು ಹೆಮ್ಮೆ ಮನುಷ್ಯರಿಗೆ ಒಳ್ಳೆಯದಲ್ಲ. ಅಂದಿನಿಂದ ಊರವರಿಗೆಲ್ಲ ನೀರಿನ ಪರೀಕ್ಷೆ ಎಂದರೆ ಅದೊಂದೇ ಆಯಿತು. ತಳ ಕಂಡರೆ ಕುಡಿಯಬಹುದು.

* * *

ನಿಯಂತ್ರಣ ಕೊಠಡಿಯಲ್ಲಿದ್ದ ಯಂತ್ರಕ್ಕೆ ಹುಡುಗರು ಗಿಣಿ ಎಂದು ಹೆಸರಿಟ್ಟಿದ್ದರು. ಕೇಳಿದ್ದಕ್ಕೆ ಕನ್ನಡದಲ್ಲೇ ಉತ್ತರ ಕೊಡುತ್ತಿತ್ತು. ಕಾಲುವೆಯ ಬಾಗಿಲು ತೆರೆಯಬೇಕಾದರೆ ಗಿಣಿ ಒಪ್ಪಬೇಕು. ನೀರಿನಲ್ಲಿ ಬೆಳಕು ಹಾಯಿಸಿ ನೋಡಿ, "ಕದಡು ಸೊನ್ನೆ. ಬಿಡಬಹುದು" ಎಂದರೆ ಬಾಗಿಲು ತೆರೆಯುತ್ತದೆ. ಕದಡಿದ್ದರೆ ಏನು ಮಾಡಿದರೂ ತೆರೆಯುವುದಿಲ್ಲ.

ಮೂರನೇ ತೊಟ್ಟಿಗೂ ಕಾಲುವೆಯ ಕಡೆ ಒಂದು ಬಾಗಿಲಿತ್ತು. ಭಾನುವಾರ ತೊಟ್ಟಿಯನ್ನು ಬರಿದು ಮಾಡಿ ತೊಳೆದ ನೀರು ಹೋಗಲೆಂದು ಇಟ್ಟದ್ದು. ಅದಕ್ಕೆ ಪಾಷಾಣವನ್ನು ಗುರುತಿಸುವ ಬೇರೆ ಮಾಪಕ ಹಾಕಿಸಿ ಎಂದು ಮ್ಯಾನೇಜರ್ ಅನಂತಶಯನ ಅವರಿಗೆ ಎರಡು ಸಲ ಬರೆದಿದ್ದೆ. "ವಿಷ ಇರುವಾಗ ಆ ಬಾಗಿಲು ಯಾರು ತೆಗೀತಾರೆ, ಇಂದುಮತಿಯವರೇ? ಅಷ್ಟು ದಡ್ಡರು ನಮ್ಮಲ್ಲಿ ಯಾರಿದ್ದಾರೆ?" ಎಂದು ಅವರು ನಕ್ಕಿದ್ದರು.

ಆ ಬುಧವಾರ ಮಧ್ಯಾಹ್ನ ಮೂರನೇ ತೊಟ್ಟಿಯ ಪಂಪು ಕೆಟ್ಟಿತು. ತೊಟ್ಟಿಯ ತುಂಬ ಪಾಷಾಣ ಕರಗಿದ ಬಿಸಿನೀರು, ಎಳೆದು ತಣಿಸಲು ದಾರಿಯಿಲ್ಲ. ಹೊಸ ಪಂಪು ದಾವಣಗೆರೆಯಿಂದ ಮರುದಿನ ಬರುವುದಿತ್ತು. ಅಲ್ಲಿಯವರೆಗೆ ಆ ನೀರನ್ನು ಮುಟ್ಟದೆ ಬಿಟ್ಟರಾಯಿತು, ದೊಡ್ಡ ವಿಷಯವೇನಲ್ಲ. ನನ್ನ ಪಾಳಿ ಎರಡು ಗಂಟೆಗೆ ಮುಗಿಯುತ್ತದೆ. ಹೊರಗೆ ಪಂಚಾಯಿತಿಯ ಜೀಪು ಹಾರನ್ ಹೊಡೆಯುತ್ತಿತ್ತು. ಶಾಲೆಯ ಅಡುಗೆಮನೆಗೂ ಊರ ಬೀದಿಗಳಿಗೂ ಕೆರೆಯಿಂದ ನೇರ ನಲ್ಲಿ ಹಾಕಿಸಿದ್ದರು, ಮರುದಿನ ಬೆಳಿಗ್ಗೆ ಅವುಗಳಲ್ಲಿ ಮೊದಲ ನೀರು. ಶಾಲೆಯ ನಲ್ಲಿಯನ್ನು ಪರೀಕ್ಷಿಸಲು ನಾನು ಬರಲೇಬೇಕೆಂದು ಮಾರಕ್ಕ ಹಟ ಹಿಡಿದಿದ್ದಳು. ಇಷ್ಟು ವರ್ಷ ತಲೆಯ ಮೇಲೆ ಕೊಡ ಹೊತ್ತವಳು ಅವಳೇ.

ಗಡಿಬಿಡಿಯಲ್ಲಿ ಪಾಳಿ ಪುಸ್ತಕ ಎಳೆದುಕೊಂಡು ಬರೆದೆ: "ಮೂರನೇ ತೊಟ್ಟಿ ಪಂಪು ಕೆಟ್ಟಿದೆ. ತಿಳಿ ಬಿಡಿ. ಮಿಕ್ಕದ್ದು ನಾಳೆ ನೋಡೋಣ." ಸಹಿ ಹಾಕಿ ಓಡಿದೆ.

ಶಾಲೆಯ ನಲ್ಲಿ ಚೆನ್ನಾಗಿತ್ತು. ಮಾರಕ್ಕ ಅದಕ್ಕೆ ಅರಿಸಿನ ಕುಂಕುಮ ಹಚ್ಚಿದಳು.

* * *

ಗುರುವಾರ ಬೆಳಿಗ್ಗೆ ಆರೂವರೆಗೆ ಘಟಕಕ್ಕೆ ಬಂದವಳು ಅಭ್ಯಾಸದಂತೆ ಮೊದಲು ಮೂರನೇ ತೊಟ್ಟಿಯ ಮೆಟ್ಟಿಲು ಹತ್ತಿದೆ. ತೊಟ್ಟಿಯಲ್ಲಿ ನೀರಿರಲಿಲ್ಲ. ತಳದಲ್ಲಿ ಕೆಂಪು ಮರಳು ಒಣಗಿ ಹೊಳೆಯುತ್ತಿತ್ತು.

ಸೋರಿತೇನೋ ಎಂದುಕೊಂಡೆ. ಕೆಳಗಿಳಿದು ಸುತ್ತ ನೋಡಿದೆ, ಎಲ್ಲೂ ಒದ್ದೆಯಿಲ್ಲ. ಕೊಠಡಿಗೆ ಓಡಿ ಪುಸ್ತಕ ತೆರೆದೆ. ನನ್ನ ಬರಹದ ಕೆಳಗೆ ದ್ಯಾಮಣ್ಣನ ದುಂಡು ಅಕ್ಷರ: "ಮೂರನೇ ತೊಟ್ಟಿ. ಕದಡು ಸೊನ್ನೆ. ಸಂಜೆ ಏಳು ಹತ್ತಕ್ಕೆ ತಿಳಿ ಬಿಟ್ಟಿದೆ."

ನಾನು ಬರೆದ ಮಾತನ್ನು ಮತ್ತೆ ಓದಿದೆ. ತಿಳಿ ಬಿಡಿ. ಮುಟ್ಟಬೇಡಿ, ಹಾಗೇ ಬಿಡಿ ಎಂದು ಬರೆದಿದ್ದೆ. ಆದರೆ ಒಂದನೇ ತೊಟ್ಟಿಗೂ ಎರಡನೇ ತೊಟ್ಟಿಗೂ ನಾಲ್ಕು ವರ್ಷದಿಂದ ದಿನವೂ ಇದೇ ಪುಸ್ತಕದಲ್ಲಿ ಇದೇ ಮಾತನ್ನು ನಾನೇ ಬರೆಯುತ್ತ ಬಂದಿದ್ದೆ, ಅಲ್ಲಿ ಅದಕ್ಕೆ ಹರಿಸಿ ಎಂದೇ ಅರ್ಥ. ಮೂರನೇ ತೊಟ್ಟಿಯ ತಿಳಿಯನ್ನು ನಾನು ಬಿಡಿ ಎಂದಿದ್ದೇನೆಂದರೆ ಅದನ್ನು ಹೇಗೋ ಶುದ್ಧ ಮಾಡಿ ಆಗಿದೆ ಎಂದು ಅವನು ತಿಳಿದಿದ್ದಾನೆ. ನನ್ನ ಮಾತಿನ ಮೇಲೆ ಅವನಿಗೆ ಅಷ್ಟು ನಂಬಿಕೆ. ಕುರ್ಚಿ ಹಿಡಿದುಕೊಂಡು ಗಿಣಿಯ ಕಡೆ ತಿರುಗಿದೆ.

"ಗಿಣಿ, ಕೆರೆಯ ಪಂಪು?"

"ಬಿಸಿಲು ಬಿದ್ದಿದೆ. ಆರು ಇಪ್ಪತ್ತಕ್ಕೆ ಶುರುವಾಗಿದೆ," ಎಂದಿತು ಗಿಣಿ. ಕೆರೆಯ ಪಂಪು ಸೌರಶಕ್ತಿಯದು. ಸೂರ್ಯ ಹುಟ್ಟಿದರೆ ತಾನಾಗಿ ನಡೆಯುತ್ತದೆ, ಕಾಯುವವರು ಬೇಕಿಲ್ಲ. ಒಳ್ಳೆಯ ನೀರೇ ನಲ್ಲಿಗೆ ಹೋಗಲೆಂದು ಅದರ ಬಾಯನ್ನು ನಮ್ಮ ಕಾಲುವೆ ಕೆರೆಗೆ ಸೇರುವ ಜಾಗದಲ್ಲೇ ಇಟ್ಟಿದ್ದರು. ಆಗ ಗಂಟೆ ಆರು ನಲವತ್ತು.

ಐದು ಸಾವಿರ ಲೀಟರು, ಲೀಟರಿಗೆ ಇಪ್ಪತ್ತು ಗ್ರಾಂ. ಒಂದು ಕ್ವಿಂಟಲ್ ಪಾಷಾಣ. ಇಡೀ ಕೆರೆಗೆ ಹಂಚಿಹೋದರೂ ಮಿತಿಗಿಂತ ಐನೂರು ಪಟ್ಟು. ಪಂಪಿನ ಬಾಯಿಯ ಹತ್ತಿರ ಇನ್ನೆಷ್ಟೋ.

ದ್ಯಾಮಣ್ಣ ಮೂರನೇ ರಿಂಗಿಗೆ ಫೋನೆತ್ತಿದ. "ಏನ್ ಮೇಡಂ ಇಷ್ಟೊತ್ತಿಗೆ?"

"ದ್ಯಾಮಣ್ಣ, ಮೂರನೇ ತೊಟ್ಟಿ ನೀರು..."

"ಬಿಟ್ಟೆ ಮೇಡಂ. ನೀವೇ ಬಿಡಿ ಅಂತ ಬರ್ದಿದ್ರಲ್ಲ. ಗಿಣೀನೂ ಬಿಡಬಹುದು ಅಂತು."

"ಪಾಷಾಣ ಇತ್ತು ಕಣೋ ಅದರಲ್ಲಿ. ಎಲ್ಲಾ ಇತ್ತು."

ಅವನ ಮಾತಿಗೆ ಕಾಯದೆ ಮುಂದುವರಿಸಿದೆ.

"ಓಡಿ ಹೋಗಿ ಕೆರೆ ಪಂಪಿನ ವೈರು ಕತ್ತರಿಸು. ಆಮೇಲೆ ಘಟಕದಿಂದ ಲಾರಿ ತುಂಬ ಕಾವಿ ಹೇರಿಕೊಂಡು ಕೆರೆಗೆ ಬಾ."

ಅವನ ಮನೆಯಿಂದ ಪಂಪಿಗೆ ಎರಡು ಫರ್ಲಾಂಗು. ಏಳಕ್ಕೆ ಹತ್ತು ನಿಮಿಷವಿರುವಾಗ ವೈರು ಕತ್ತರಿಸಿದ. ಅರ್ಧ ಗಂಟೆ ನೀರು ಹರಿದಿತ್ತು. ಕೊಳವೆಯಲ್ಲಿ ಮೊದಲು ಸಿಗುವುದು ಶಾಲೆಯ ಟ್ಯಾಂಕು. ಊರ ನಲ್ಲಿಗಳಿಗೆ ಇನ್ನೂ ಹೋಗಿರಲಿಲ್ಲ. ಅಷ್ಟರಲ್ಲಿ ನಾನು ಸ್ಕೂಟರು ಹತ್ತಿ ಶಾಲೆಯ ಕಡೆ ಹೊರಟಿದ್ದೆ.

* * *

ಮಾರಕ್ಕ ಅಡುಗೆಮನೆಯಲ್ಲಿ ಒಬ್ಬಳೇ ಇದ್ದಳು. ಒಲೆಯ ಮೇಲೆ ದೊಡ್ಡ ಪಾತ್ರೆ. ಮಕ್ಕಳಿಗೆ ಬೆಳಗಿನ ಹಾಲು, ನೂರಾ ನಲವತ್ತು ಲೋಟ. ಹಾಲಿನ ಪುಡಿಯನ್ನು ಹೊಸ ನಲ್ಲಿಯ ನೀರಿಗೆ ಕಲಸುತ್ತಿದ್ದಳು.

"ಅಕ್ಕ, ಚೆಲ್ಲು ಅದನ್ನ! ನೀರಲ್ಲಿ ವಿಷ ಸೇರಿದೆ."

ಅವಳು ನಕ್ಕಳು. "ಬೆಳಿಗ್ಗೆ ಬೆಳಿಗ್ಗೆ ಏನಾಗೈತವ್ವ ನಿಂಗೆ?" ಪಕ್ಕದಲ್ಲಿದ್ದ ಬಕೆಟ್ಟು ತೋರಿಸಿದಳು. "ನೋಡು, ತಳ ಎಷ್ಟು ನಿಚ್ಚಳ ಕಾಣ್ತೈತೆ. ಇಂಥ ನೀರು ಚೆಲ್ಲಿದ್ರೆ ಗಂಗಮ್ಮ ಮೆಚ್ತಾಳಾ?"

"ತಳ ಕಂಡ್ರೆ ಒಳ್ಳೇದು ಅಂತ ಅಲ್ಲಕ್ಕ. ಕರಗಿದೆ, ಕಣ್ಣಿಗೆ ಕಾಣಲ್ಲ. ಬೆಳ್ಳಗಿರೋದೆಲ್ಲಾ ಹಾಲಲ್ಲ ಅಂತಾರಲ್ಲ..."

"ಇದು ಹಾಲೇ ಅಲ್ಲೇನವ್ವ," ಎಂದು ಅವಳು ಸೌಟಿನಿಂದ ಮತ್ತೆ ತಿರುವಿದಳು. ಹೊರಗೆ ಅಂಗಳದಲ್ಲಿ ಬೇಗ ಬರುವ ನಾಲ್ಕೈದು ಮಕ್ಕಳ ಸದ್ದು ಕೇಳಿಸತೊಡಗಿತ್ತು. ನನ್ನ ಬಳಿ ತೋರಿಸಲು ಏನೂ ಇರಲಿಲ್ಲ. ನಾಲ್ಕು ವರ್ಷ ಕೂತು ತಿಳಿನೀರನ್ನು ನಂಬಿ ಎಂದು ಕಲಿಸಿದವಳು ನಾನೇ. ಇನ್ನು ಮಾತಾಡುತ್ತ ನಿಲ್ಲಲು ಆಗಲಿಲ್ಲ. ಎರಡು ಕೈಯಲ್ಲಿ ಬಟ್ಟೆ ಹಿಡಿದು ಎತ್ತಲು ನೋಡಿದೆ, ಪಾತ್ರೆ ಅಲುಗಲಿಲ್ಲ. ಕಾಲೆತ್ತಿ ಒದ್ದೆ.

ಹಾಲು ನೆಲದ ಮೇಲೆ ಮೋರಿಯವರೆಗೂ ಹರಿಯಿತು. ಮಾರಕ್ಕ ನನ್ನನ್ನೇ ನೋಡಿದಳು. ಜೀವನದಲ್ಲಿ ಯಾರೂ ನನ್ನನ್ನು ಹಾಗೆ ನೋಡಿಲ್ಲ.

"ಅನ್ನಕ್ಕೆ ಕಾಲು ತಾಗ್ಸಿದ್ಯಲ್ಲವ್ವ."

ಆಗ ಹೇಳಿದೆ. ಪುಸ್ತಕದಲ್ಲಿ ನಾನು ಬರೆದದ್ದು, ದ್ಯಾಮಣ್ಣ ಓದಿದ್ದು, ತೊಟ್ಟಿ ಖಾಲಿಯಾದದ್ದು. ಹೇಳುತ್ತಿದ್ದಂತೆ ಅವಳ ಮುಖದ ಸಿಟ್ಟು ಹೋಯಿತು. "ದ್ಯಾಮ ಬಿಟ್ನಾ? ನಮ್ಮ ದ್ಯಾಮನಾ?" ಎಂದು ಎರಡು ಸಲ ಕೇಳಿದಳು.

"ಯಾರಾದ್ರೂ ಕುಡಿದ್ರಾ ಅಕ್ಕ?"

"ಮಕ್ಕಳು ಯಾರೂ ಮುಟ್ಟಿಲ್ಲ," ಎಂದಳು ಮಾರಕ್ಕ.

ಉತ್ತರ ಸಿಕ್ಕಿತೆಂದುಕೊಂಡೆ. ಬಕೆಟ್ಟು ಬಗ್ಗಿಸಿ, ಶಾಲೆಯ ಟ್ಯಾಂಕಿನ ವಾಲ್ವು ಮುಚ್ಚಿ, ಮತ್ತೆ ಸ್ಕೂಟರು ಹತ್ತಿದೆ. ನಲ್ಲಿ ಬರದಿದ್ದರೆ ಜನ ಕೊಡ ಹಿಡಿದು ಕೆರೆಗೇ ಹೋಗುತ್ತಾರೆ ಎಂಬುದೊಂದೇ ಆಗ ತಲೆಯಲ್ಲಿದ್ದದ್ದು.

* * *

ಹೋಗಿಯೇ ಇದ್ದರು. ಸೋಪಾನದ ಮೇಲೆ ಹತ್ತಿಪ್ಪತ್ತು ಜನ, ಕೊಡ ಬಿಂದಿಗೆ. ನಾನು ಕೂಗಿ ಹೇಳಿದೆ. ಒಬ್ಬ ಹೆಂಗಸು ಬೊಗಸೆಯಲ್ಲಿ ನೀರೆತ್ತಿ ಬಿಸಿಲಿಗೆ ಹಿಡಿದು ನೋಡಿ, "ಕನ್ನಡಿ ಇದ್ದಂಗೈತೆ, ಇದಕ್ಕೇನಾಗೈತೆ?" ಎಂದಳು. ಅವಳ ಕೈ ತಟ್ಟಿ ಚೆಲ್ಲಿಸಿದೆ. ಜನ ಗೊಣಗಿದರು. ಒಬ್ಬಿಬ್ಬರನ್ನು ತಡೆಯಬಹುದು, ನಾಲ್ಕು ದಿಕ್ಕಿನ ಕೆರೆಗೆ ನಾನೊಬ್ಬಳೇ ಎಲ್ಲಿ ಅಡ್ಡ ನಿಲ್ಲಲಿ? ಅಷ್ಟರಲ್ಲಿ ದ್ಯಾಮಣ್ಣನ ಲಾರಿ ಏರಿಯ ಮೇಲೆ ಬಂತು, ತುಂಬ ಕಾವಿ.

ಪಾಷಾಣಕ್ಕೆ ಕಬ್ಬಿಣದ ತುಕ್ಕು ಕಂಡರೆ ಬಿಡದ ಮೋಹ. ಅಂಟಿಕೊಂಡು ಅದರ ಜೊತೆಗೇ ತಳಕ್ಕಿಳಿಯುತ್ತದೆ. ಎಲ್ಲವೂ ಇಳಿಯುವುದಿಲ್ಲ, ಬೇಗನೂ ಇಳಿಯುವುದಿಲ್ಲ, ಆದರೆ ನಮ್ಮ ಕೈಯಲ್ಲಿದ್ದ ಮದ್ದು ಅದೊಂದೇ. ಅದಕ್ಕಿಂತ ಮುಖ್ಯ, ನನ್ನ ಮಾತು ನಂಬದವರು ಕೆಸರನ್ನು ನಂಬುತ್ತಾರೆ.

"ಸುರಿ," ಎಂದೆ. "ಬಿಡು" ಎನ್ನಲು ನಾಲಿಗೆ ಹೊರಳಲಿಲ್ಲ.

ಮೊದಲ ಲಾರಿ ಮಗುಚಿದಾಗ ಕಾಲುವೆಯ ಬಾಯಿಂದ ಕೆಂಪು ಮೋಡವೊಂದು ನೀರೊಳಗೆ ಹಬ್ಬಿತು. ಎರಡನೆಯದು, ಮೂರನೆಯದು. ಒಂಬತ್ತರ ಹೊತ್ತಿಗೆ ಕೆರೆಯೆಲ್ಲ ರಾಡಿ. ಜನ ಬಾಯಿಗೆ ಬಂದಂತೆ ಬೈದರು. ನಾಲ್ಕು ವರ್ಷಕ್ಕೆ ತಿಳಿಯಾದದ್ದನ್ನು ಎರಡು ಗಂಟೆಯಲ್ಲಿ ಹಾಳು ಮಾಡಿದಿರಿ, ನಿಮ್ಮ ಮನೆ ಹಾಳಾಗ ಎಂದರು. ಒಬ್ಬ ದ್ಯಾಮಣ್ಣನ ಅಂಗಿ ಹಿಡಿದ. ಆದರೆ ಯಾರೂ ಕೊಡ ಮುಳುಗಿಸಲಿಲ್ಲ. ತಳ ಕಾಣದ ನೀರನ್ನು ಯಾರು ತುಂಬಿಸಿಕೊಂಡಾರು? ಬೈಗುಳ ತಿನ್ನುತ್ತ ನಿಂತಿದ್ದ ನನಗೆ ಹೊಟ್ಟೆಯೊಳಗೆ ತಣ್ಣಗಾಯಿತು. ಉಳಿದರು ಎಂದುಕೊಂಡೆ.

ಹನ್ನೊಂದರ ಸುಮಾರಿಗೆ ಶಾಲೆಯ ಹುಡುಗಿಯೊಬ್ಬಳು ಓಡಿ ಬಂದಳು. "ಮಾರಕ್ಕ ವಾಂತಿ ಮಾಡ್ಕಂತಾ ಬಿದ್ದೈತೆ."

ಆಸ್ಪತ್ರೆಗೆ ಒಯ್ಯುವ ದಾರಿಯಲ್ಲಿ ನನ್ನ ತೊಡೆಯ ಮೇಲೆ ಅವಳ ತಲೆಯಿತ್ತು. "ಮೊದಲ್ನೇ ಲೋಟ ನಾನೇ ಕುಡ್ದೆ ಕಣವ್ವ," ಎಂದಳು. "ಆಸೆ ತಡೀಲಿಲ್ಲ. ಅಷ್ಟು ಚೆಂದ ಇತ್ತು."

"ನಾನು ಕೇಳಿದಾಗ ಯಾಕೆ ಹೇಳಲಿಲ್ಲ ಅಕ್ಕ? ಆಗಲೇ ಹೇಳಿದ್ರೆ..."

"ಹೇಳಿದ್ರೆ ದ್ಯಾಮನ್ನ ಹಿಡ್ಕಂಡು ಹೋಗ್ತಾರೆ ಅಂತ. ಹೊಟ್ಟೇಲೇ ಇಟ್ಕಂಡ್ರೆ ಅರಗುತ್ತೆ ಅಂದ್ಕಂಡೆ."

* * *

ಮಾರಕ್ಕ ಸಾಯಲಿಲ್ಲ. ಹದಿನೆಂಟು ದಿನ ಆಸ್ಪತ್ರೆಯಲ್ಲಿದ್ದಳು.

ಆರನೇ ದಿನ ಅನಂತಶಯನ ನನ್ನನ್ನು ಕರೆಸಿ, ಬಾಗಿಲು ಹಾಕಿ, ಒಂದು ಹಾಳೆ ಮುಂದಿಟ್ಟರು. "ಬಿಡಿ ಅಂದರೆ ಬಿಟ್ಟುಬಿಡಿ, ಮುಟ್ಟಬೇಡಿ ಅಂತಲೇ ಅರ್ಥ ಅಲ್ಲವೇ? ಯಾವ ನ್ಯಾಯಾಲಯವೂ ಒಪ್ಪುತ್ತೆ. ಆಪರೇಟರು ಸರಿಯಾಗಿ ಓದದೇ ಬಾಗಿಲು ತೆಗೆದ. ಇಷ್ಟು ಬರೆದುಕೊಡಿ, ನಿಮಗೂ ಕ್ಷೇಮ, ಕಂಪನಿಗೂ ಕ್ಷೇಮ."

ಸುಳ್ಳು ಹೇಳಬಾರದು. ಆ ಮಾತು ಅವರಿಗಿಂತ ಮುಂಚೆ ನನ್ನ ತಲೆಗೇ ಬಂದಿತ್ತು. ಗುರುವಾರ ಬೆಳಿಗ್ಗೆ ಕುರ್ಚಿ ಹಿಡಿದುಕೊಂಡು ನಿಂತಿದ್ದಾಗಲೇ ಬಂದಿತ್ತು. ನಾನು ಬರೆದದ್ದು ಸರಿ, ಅವನು ಓದಿದ್ದು ತಪ್ಪು. ಹಾಳೆಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು ಆಸ್ಪತ್ರೆಗೆ ಹೋದೆ. ದ್ಯಾಮಣ್ಣ ಅಕ್ಕನ ಕಾಲ ಬಳಿ ಕೂತಿದ್ದ. ಎದ್ದು ನಿಂತು, "ನಾನು ಒಂದು ಫೋನ್ ಮಾಡಿ ಕೇಳ್ಬೇಕಿತ್ತು ಮೇಡಂ. ತಪ್ಪು ನಂದೇ," ಎಂದ. ಅವನಿಗೆ ಹಾಗನ್ನಿಸಿದ್ದನ್ನು ನೋಡಿ ನನಗೆ ನಾಚಿಕೆಯಾಯಿತು. ಅಲ್ಲೇ ಮಾತ್ರೆಯ ಮೇಜಿನ ಮೇಲೆ ಆ ಹಾಳೆಯ ಬೆನ್ನಿಗೆ ಬರೆದೆ: "ಎರಡು ಅರ್ಥವಿರುವ ಮಾತನ್ನು ವಿಷದ ತೊಟ್ಟಿಯ ಬಗ್ಗೆ ಬರೆದವಳು ನಾನು. ಆಪರೇಟರು ನಾನು ಬರೆದದ್ದನ್ನೇ ಮಾಡಿದ್ದಾರೆ. ತಪ್ಪು ನನ್ನದು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಬರೆದದ್ದು ಅದಕ್ಕಿಂತಲೂ ಹೋಯಿತು. ನನ್ನ ಕೆಲಸ ಹೋಯಿತು, ದ್ಯಾಮಣ್ಣನದು ಉಳಿಯಿತು. ಮೂರನೇ ತೊಟ್ಟಿಗೆ ಹೊಸ ಮಾಪಕ ಬಂತು. ಪಾಳಿ ಪುಸ್ತಕದಲ್ಲಿ ಈಗ ಯಾರೂ "ಬಿಡಿ" ಎಂದು ಬರೆಯುವಂತಿಲ್ಲ. "ಹೊರಗೆ ಹರಿಸಿ" ಎನ್ನಬೇಕು, ಇಲ್ಲವೇ "ಮುಟ್ಟಬೇಡಿ" ಎನ್ನಬೇಕು. ಗಿಣಿಗೂ ಆ ಪದ ಮರೆಸಿದ್ದಾರಂತೆ.

ಕೆರೆಯ ನೀರು ಕುಡಿಯಬಹುದು ಎಂದು ವರದಿ ಬರುವ ಹೊತ್ತಿಗೆ ಹದಿನಾಲ್ಕು ತಿಂಗಳಾಯಿತು. ಅಲ್ಲಿಯವರೆಗೆ ಟ್ಯಾಂಕರು. ಈಗ ನೀರು ಮತ್ತೆ ತಿಳಿಯಾಗಿದೆ, ಜನ ಮಾತ್ರ ಬದಲಾಗಿದ್ದಾರೆ. ಕೊಡದ ತಳ ಕಂಡರೆ ಹೊನ್ನಮರಡಿಯಲ್ಲಿ ಈಗ ಹೆದರುತ್ತಾರೆ. ನೀರು ತಂದ ಕೂಡಲೇ ಒಂದು ಚಿಟಿಕೆ ಕಾವಿ ಉದುರಿಸಿ, ಕೆಂಪಾಗಿ, ಮತ್ತೆ ಇಳಿದು ಕೂತ ಮೇಲೆಯೇ ಮೇಲಿನದನ್ನು ಬಗ್ಗಿಸುತ್ತಾರೆ. ಹೊಸ ಸೊಸೆಯರಿಗೆ ಅತ್ತೆಯರು ಅದನ್ನು ಹೇಳಿಕೊಡುವುದನ್ನು ನಾನೇ ನೋಡಿದ್ದೇನೆ. ಬೇಡ, ಈಗ ಬೇಕಿಲ್ಲ ಎಂದು ನಾನು ಹೇಳಿದರೆ ಯಾರು ಕೇಳುತ್ತಾರೆ?

ನಾನು ನಂಜನಗೂಡಿಗೆ ಹೋಗಲಿಲ್ಲ. ಮಾರಕ್ಕನ ಬೆರಳುಗಳಲ್ಲಿ ಮೂರನೇ ವಾರದಿಂದ ಜುಮುಜುಮು ಶುರುವಾಗಿ, ಆಮೇಲೆ ಸ್ಪರ್ಶವೇ ಹೋಯಿತು. ಪಾಷಾಣ ಬದುಕಿ ಉಳಿದವರಿಂದ ವಸೂಲಿ ಮಾಡುವುದು ಹಾಗೆ. ಅಕ್ಕಿ ಯಾವುದು, ಕಲ್ಲು ಯಾವುದು, ಅವಳ ಕೈಗೆ ಈಗ ತಿಳಿಯುವುದಿಲ್ಲ. ಆದ್ದರಿಂದ ಬೆಳಿಗ್ಗೆ ಶಾಲೆಯ ಅಡುಗೆಮನೆಯಲ್ಲಿ ಅಕ್ಕಿ ಗಾಳಿಸುವುದು ನಾನು. ಅವಳು ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತು, ಕಿವಿಗೊಟ್ಟು ಕೇಳುತ್ತಾಳೆ. ತಳದಲ್ಲಿ ಕಲ್ಲು ಹೊರಳುವ ಸದ್ದು ಅವಳಿಗೆ ಗೊತ್ತಾಗುತ್ತದೆ.

ಮೊದಲ ದಿನ ಅಕ್ಕಿಗೆ ನೀರು ಹಾಕಿಕೊಂಡು ಕೂತೆ. ಪಾತ್ರೆಯನ್ನು ವಾಲಿಸಿ ತಿರುವಿದೆ, ನೀರಿನ ಜೊತೆ ಅಕ್ಕಿ ಅಂಚಿನವರೆಗೆ ಬಂತು.

"ಹೂಂ, ಈಗ ಬಿಡು," ಎಂದಳು ಮಾರಕ್ಕ.

ನನ್ನ ಕೈ ನಿಂತುಬಿಟ್ಟಿತು. ಬಗ್ಗಿಸಲೂ ಆಗಲಿಲ್ಲ, ಕೆಳಗಿಡಲೂ ಆಗಲಿಲ್ಲ. ನೀರು ತುಳುಕಿ ಸೀರೆಯ ಮೇಲೆ ಬಿತ್ತು.

"ಬಿಡು ಅಂದ್ರೆ... ಏನ್ ಮಾಡ್ಲಿ ಅಕ್ಕ?"

ಅವಳು ಮಣೆಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ಮರಗಟ್ಟಿದ ತನ್ನ ಕೈಯನ್ನು ನನ್ನ ಮುಂಗೈ ಮೇಲಿಟ್ಟು, ಪಾತ್ರೆಯನ್ನು ಮೆಲ್ಲಗೆ ಬಗ್ಗಿಸಿದಳು.

"ಅಕ್ಕಿ ಬಿಡವ್ವ," ಎಂದಳು. "ಕಲ್ಲು ನಿನ್ ಹತ್ರಾನೇ ಇರ್ಲಿ."